ಕೋಡಿ ಬೀದಿಯ ಜ್ವರದ ಲೆಕ್ಕ

ಫಾರಮ್ಮಿನ ನಾಲ್ಕನೇ ಪ್ರಶ್ನೆ:
ಮನೆಯಲ್ಲಿ ಪ್ರಾಣಿ ಸಾಕಿದ್ದೀರಾ?
ಪಿಳ್ಳಮ್ಮ ಮೊರದ ಅಕ್ಕಿಯಿಂದ ತಲೆಯೆತ್ತದೆ ಹೇಳಿದಳು:
"ನಾವು ಸಾಕಿಲ್ಲ ತಾಜಮ್ಮ,
ಅವೇ ನಮ್ಮನ್ನ ಸಾಕ್ಕೊಂಡವೆ."

ನಾನು 'ಇಲ್ಲ' ಎಂದು ಗೀಚಿದೆ.

ಆ ಮಳೆ ಬಂದು ಇಂದಿಗೆ ಹದಿನೇಳು ದಿನ.
ನೀರು ನಿಂತ ಗೆರೆ ಗೋಡೆಯ ಮೇಲೆ ಹಾಗೇ ಇದೆ,
ಕ್ಯಾಲೆಂಡರಿನ ನಡುವಿಗೆ.
ತಿಂಗಳ ಕೊನೆಯ ವಾರಗಳು ನೆನೆದು
ಒಂದಕ್ಕೊಂದು ಅಂಟಿಕೊಂಡಿವೆ.

ಆ ರಾತ್ರಿ ನೀರು ಬಾಗಿಲು ತಟ್ಟಲಿಲ್ಲ,
ಬಚ್ಚಲ ತೂಬಿನಿಂದ ಎದ್ದು ಬಂತು,
ತನ್ನ ಮನೆಗೆ ತಾನು ಬಂದ ಹಾಗೆ.
ಅದರ ಹಿಂದೆಯೇ ಹೆಗ್ಗಣ, ಬಾಯಲ್ಲಿ ಮರಿ,
ಅಟ್ಟದ ಮೇಲೆ ರಾಗಿ ಡಬ್ಬದ ಸಂದಿಗೆ.
ಕೋಲೆತ್ತಿದ ಪಿಳ್ಳಮ್ಮ ಇಳಿಸಿಬಿಟ್ಟಳಂತೆ.
"ಅದಕ್ಕೂ ಬಾಣಂತನ. ಎಲ್ಲಿಗೆ ಹೋದಾತು?"

ಬೆಳಗ್ಗೆ ಮಗ ಅಂಜಿನಪ್ಪ ಹಾರೆ ಹಿಡಿದು ಮೋರಿಗಿಳಿದ.
ಬೀದಿಯವರೆಲ್ಲ ಬಾಲ್ಕನಿಯಲ್ಲಿ ನಿಂತು
ಎಲ್ಲಿ ಕಟ್ಟಿಕೊಂಡಿದೆ ಎಂದು ತೋರಿಸಿದರು.
ಸೊಂಟಮಟ್ಟ ಕಪ್ಪು ನೀರು, ಥರ್ಮಾಕೋಲು, ಯಾರದೋ ದಿಂಬು.
ಅವನದು ಟೈಲ್ಸ್ ಕೆಲಸ;
ಹಿಮ್ಮಡಿಯಲ್ಲಿ ಸಿಮೆಂಟು ತಿಂದ ಬಿರುಕು.
ಅಷ್ಟಗಲದ ಬಾಗಿಲು ಸಾಕಾಯಿತು.

ಒಂಬತ್ತನೇ ದಿನ ಚಳಿ.
ಹತ್ತಕ್ಕೆ ಮೀನಖಂಡ ಹಿಡಿದುಕೊಂಡು ಅಳು, ಆ ಗಟ್ಟಿ ಆಳು.
ಹನ್ನೆರಡಕ್ಕೆ ಕಣ್ಣು ಅರಿಶಿನ.
ಕಾಮಾಲೆಯೆಂದು ಹೊಸೂರಿನಾಚೆ
ಸೊಪ್ಪಿನ ರಸ ಕುಡಿಸಲು ಹೋಗಿ ಎರಡು ದಿನ ಕಳೆದರು.
ಉಚ್ಚೆ ನಿಂತ ಮೇಲೆ ಬೌರಿಂಗ್ ಆಸ್ಪತ್ರೆ.
"ಕೊಚ್ಚೆಗೆ ಯಾಕಯ್ಯಾ ಇಳಿದೆ?" ಎಂದರಂತೆ ಡಾಕ್ಟರು.
"ಇನ್ಯಾರು ಇಳೀತಾರೆ ಸಾರ್?"
ಇವತ್ತು ಮೂರನೇ ಡಯಾಲಿಸಿಸ್.

ಹನ್ನೊಂದನೇ ಪ್ರಶ್ನೆ: ಸೋಂಕಿನ ಮೂಲ.

"ಇದಕ್ಕೆ ಕೋಡಿ ಬೀದಿ ಅಂತ ಯಾಕಂತಾರೆ, ಗೊತ್ತಾ ನಿಂಗೆ?
ಆ ಇಸ್ತ್ರಿ ಅಂಗಡಿ ಐತಲ್ಲ, ಅಲ್ಲೇ,
ಕೆರೆ ತುಂಬಿದ್ರೆ ಬೆಳ್ಳಗೆ ಧುಮುಕೋದು.
ಇಲಿ ಆವಾಗ್ಲೂ ಇದ್ವು, ಏರಿ ತುಂಬ ಬಿಲ.
ಕೇರೆಹಾವಿತ್ತು, ಹುಣಸೆ ಪೊಟರೇಲಿ ಗೂಬೆ ಜೋಡಿ,
ಕತ್ಲಾದ್ರೆ ನರಿ ಕೂಗು.
ಅವುಗಳ ಲೆಕ್ಕ ಅವೇ ಇಟ್ಕೊಂಡಿದ್ವು.
ಹಿಂಗೆ ಫಾರಂ ಹಿಡ್ಕೊಂಡು ಯಾರೂ ಬರ್ತಿರ್ಲಿಲ್ಲ."

ಕೆರೆಗೆ ಮೊದಲು ಒಡೆದ ಮನೆಗಳ ಮಣ್ಣು ಬಿತ್ತು,
ಆಮೇಲೆ ಸೈಟು ನಂಬರು.
ಕೇರೆಯನ್ನು ನಾಗರವೆಂದು ಹೊಡೆದರು.
ಗೂಬೆಯನ್ನು ಗೂಬೆಯೆಂದೇ ಹೊಡೆದರು.
ರಾಜಕಾಲುವೆಗೆ ಚಪ್ಪಡಿ ಹಾಸಿ ಕಾರು ನಿಲ್ಲಿಸಿದರು.
ಉಳಿದದ್ದು ಇಲಿ,
ಅದಕ್ಕೆ ಮೂಲೆಮೂಲೆಗೆ ನಮ್ಮ ಎಂಜಲ ಕವರು,
ಮತ್ತೆ ಈ ಹೊಸ ಮಳೆ,
ತಿಂಗಳದ್ದು ಒಂದೇ ರಾತ್ರಿಗೆ ಸುರಿದು
ಬಿಲವನ್ನೂ ಬಚ್ಚಲನ್ನೂ ಒಂದೇ ಮಾಡುವುದು.

ಉತ್ತರಕ್ಕೆ ಬೆರಳಗಲ ಜಾಗ.
'ಕೆರೆ ಇಲ್ಲದ್ದು' ಎಂದು ಬರೆದೆ.
ಸೂಪರ್‌ವೈಸರ್ ಅದನ್ನು ಹೊಡೆದು 'ಇಲಿ' ಎಂದರು,
ಬೈಯಲಿಲ್ಲ, ಮೊಬೈಲು ತೋರಿಸಿದರು:
ಇಲಿ, ಹಂದಿ, ದನ, ನಾಯಿ, ಇತರೆ.
'ಇತರೆ' ಒತ್ತಿದರೆ ಆಪು ಮುಂದಕ್ಕೇ ಹೋಗುವುದಿಲ್ಲ.

ಮಾರನೇ ದಿನ ವಿಷದ ಬಿಲ್ಲೆ ಹಂಚಿದೆವು, ಮನೆಗೆರಡು.
ಮೊದಲು ಸತ್ತದ್ದು ಹಾಲಿನ ಬೂತಿನ ಬೆಕ್ಕು.

ರಾತ್ರಿ ಚಪ್ಪಲಿ ಕಳಚಿ,
ಮೊಬೈಲ್ ಬೆಳಕಲ್ಲಿ ನನ್ನ ಹಿಮ್ಮಡಿ ನೋಡಿಕೊಂಡೆ.
ಬೇಸಿಗೆಯ ಕೆರೆಯಂಗಳ.
ಹರಳೆಣ್ಣೆ ಸವರಿ ಸಾಕ್ಸು ಹಾಕಿದೆ.
ಹೆಬ್ಬಾಳದ ಕಡೆ ಗುಡುಗು.
ಎದ್ದು ಹೋಗಿ ಬಚ್ಚಲ ತೂಬಿನ ಮೇಲೆ
ಅಮ್ಮೀಜಾನಳ ರುಬ್ಬುಗುಂಡು ಇಟ್ಟು ಬಂದೆ.

ಅಟ್ಟದ ಮೇಲೆ ಆಗಲೇ ಯಾರೋ
ಹಳೆ ಪೇಪರು ಹರಿದು ಹರಿದು
ಹಾಸಿಗೆ ಮಾಡುತ್ತಿದ್ದರು.